ಹಳೆಯ ದೂರಸಂಪರ್ಕ ಸಲಕರಣೆ: ಗುಜರಿ ಚೀಲ ಕಟ್ಟುವ ಮೊದಲು ಮಾಡಬೇಕಾದ ಕೆಲಸಗಳು

ಆಯುಧಪೂಜೆಯ ಹಿಂದಿನ ವಾರ ಮೈಸೂರು, ಮಂಡ್ಯದ ಕಚೇರಿ, ಶಾಲೆ, ಅಂಗಡಿಗಳಲ್ಲಿ ಉಗ್ರಾಣದ ಬಾಗಿಲು ತೆರೆಯುತ್ತದೆ. ವರ್ಷವಿಡೀ ಮುಚ್ಚಿದ್ದ ಕಪಾಟಿನಿಂದ ಬಣ್ಣಗೆಟ್ಟ ಲ್ಯಾಂಡ್‌ಲೈನ್ ಫೋನು, ತಾಮ್ರದ ಲೈನಿನ ಕಾಲದ ಬ್ರಾಡ್‌ಬ್ಯಾಂಡ್ ಮೋಡೆಮ್, ಯಾವುದಕ್ಕೆ ಸೇರಿದ್ದೆಂದು ಯಾರಿಗೂ ತಿಳಿಯದ ಹತ್ತು ಹದಿನೈದು ಅಡಾಪ್ಟರ್, ಬೆನ್ನು ಉಬ್ಬಿದ ಮೊಬೈಲ್, ಸುರುಳಿ ಸುರುಳಿ ಕೇಬಲ್ ಹೊರಬರುತ್ತವೆ. ಪೂಜೆಗೆ ಜಾಗವಾಗಬೇಕೆಂಬ ಅವಸರದಲ್ಲಿ ಎಲ್ಲವೂ ಒಂದೇ ಗೋಣಿಚೀಲ ಸೇರಿ ಗುಜರಿಯವರ ತಕ್ಕಡಿ ಏರುತ್ತವೆ. ಕೆಲಸ ಕೆಡುವುದು ಆ ಒಂದೇ ಚೀಲದಲ್ಲಿ. ಇನ್ನೂ ಐದು ವರ್ಷ ದುಡಿಯಬಲ್ಲ ವಸ್ತು, ಬಿಡಿಭಾಗಕ್ಕೆ ಬರುವ ವಸ್ತು, ವಿಷವಿರುವ ವಸ್ತು ಮೂರೂ ಬೆರೆತ ಮೇಲೆ ಅವನ್ನು ಮತ್ತೆ ಬೇರ್ಪಡಿಸುವ ತಾಳ್ಮೆ ಯಾರಿಗೂ ಇರುವುದಿಲ್ಲ. ಆಮೇಲೆ ಉಳಿಯುವುದು ಸುತ್ತಿಗೆ ಮತ್ತು ಬೆಂಕಿ.

ಮಂಡ್ಯ ಜಿಲ್ಲೆಯ ಶಾಲೆ, ಸಹಕಾರ ಸಂಘ, ಛತ್ರಗಳ ದೂರವಾಣಿ ಮತ್ತು ಇಂಟರ್ನೆಟ್ ಜೋಡಣೆಯನ್ನು ಬಹುಕಾಲ ನೋಡಿಕೊಂಡ ನಾನೂ ಆ ತಪ್ಪು ಮಾಡಿದ್ದೇನೆ. ಒಂದು ವಿದ್ಯಾಸಂಸ್ಥೆ ತಾಮ್ರದ ಲೈನಿನಿಂದ ಫೈಬರ್‌ಗೆ ಬದಲಾದಾಗ ಹಳೆಯ ಸಾಮಾನನ್ನೆಲ್ಲ ಎರಡು ಚೀಲ ಕಟ್ಟಿ ಕೊಟ್ಟು ಕೈತೊಳೆದುಕೊಂಡೆ. ಕೆಲವು ವಾರಗಳ ಮೇಲೆ ನಾಲೆಯ ಏರಿಯ ಪಕ್ಕದಲ್ಲಿ ಕಪ್ಪು ಬೂದಿಯ ನಡುವೆ ಅರ್ಧ ಕರಗಿದ ಮೋಡೆಮ್ಮಿನ ಹೊದಿಕೆಯೊಂದು ಕಂಡಿತು. ಅದರ ಮೇಲೆ ನಾನೇ ಅಂಟಿಸಿದ್ದ ಚೀಟಿಯಲ್ಲಿ ‘ಗ್ರಂಥಾಲಯ’ ಎಂಬ ನನ್ನದೇ ಅಕ್ಷರ ಓದುವಷ್ಟು ಉಳಿದಿತ್ತು. ಅಂದಿನಿಂದ ನಾನು ಅನುಸರಿಸುತ್ತಿರುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಮನೆ, ಸಣ್ಣ ಕಚೇರಿ, ಶಾಲೆ ಮತ್ತು ಊರಿನ ಕೇಬಲ್ ಇಂಟರ್ನೆಟ್ ನಡೆಸುವವರಿಗೆ ಇದು ಸಾಕಾಗುತ್ತದೆ.

ಮೊದಲ ಹೆಜ್ಜೆ: ವಸ್ತು ಯಾರದೆಂದು ತಿಳಿದುಕೊಳ್ಳಿ

ಫೈಬರ್ ಸಂಪರ್ಕದ ಜೊತೆ ಬಂದ ಮೋಡೆಮ್ ಅನೇಕ ಸಲ ಗ್ರಾಹಕರ ಸ್ವತ್ತಾಗಿರುವುದಿಲ್ಲ. ಸೇವೆ ಕೊಡುವ ಕಂಪನಿ ಅದನ್ನು ಬಳಕೆಗೆ ಮಾತ್ರ ಕೊಟ್ಟಿರುತ್ತದೆ, ಕೆಲವೊಮ್ಮೆ ಠೇವಣಿಯನ್ನೂ ಪಡೆದಿರುತ್ತದೆ. ಸಂಪರ್ಕ ನಿಲ್ಲಿಸುವಾಗ ಅದನ್ನು ಅಡಾಪ್ಟರ್ ಸಮೇತ ಹಿಂದಿರುಗಿಸಿ, ಹಿಂದಿರುಗಿಸಿದ್ದಕ್ಕೆ ಬರಹದಲ್ಲಿ ರಶೀದಿ ಪಡೆಯಿರಿ. ಇದು ಬರೀ ಲೆಕ್ಕದ ಮಾತಲ್ಲ. ಫೈಬರ್ ಮೋಡೆಮ್ ತನ್ನ ಸರಣಿ ಸಂಖ್ಯೆಯ ಮೂಲಕ ಕಂಪನಿಯ ಕೇಂದ್ರದ ಉಪಕರಣದಲ್ಲಿ ನೋಂದಣಿಯಾಗಿರುತ್ತದೆ, ಆದ್ದರಿಂದ ಅದನ್ನು ಇನ್ನೊಂದು ಕಂಪನಿಯ ಜಾಲಕ್ಕೆ ಹಾಕಿದರೆ ಸಾಮಾನ್ಯವಾಗಿ ನಡೆಯುವುದಿಲ್ಲ. ಕೊಟ್ಟ ಕಂಪನಿಗೆ ಮರಳಿದರೆ ಅದೇ ಮೋಡೆಮ್ ಒರೆಸಿ, ಪರೀಕ್ಷಿಸಿ, ಮತ್ತೊಂದು ಮನೆಗೆ ಹೋಗುತ್ತದೆ. ಎಲ್ಲಕ್ಕಿಂತ ಕಡಿಮೆ ಶ್ರಮದ ಮರುಬಳಕೆ ಇದೇ.

ಸರ್ಕಾರಿ ಶಾಲೆ ಮತ್ತು ಕಚೇರಿಗಳಲ್ಲಿ ವಸ್ತು ದಾಸ್ತಾನು ವಹಿಯಲ್ಲಿ ಇರುತ್ತದೆ. ಅದನ್ನು ನಿರುಪಯುಕ್ತವೆಂದು ಘೋಷಿಸುವ ಕ್ರಮ ಮುಗಿಯುವ ತನಕ ಬಿಚ್ಚುವುದಾಗಲಿ, ಕೊಡುವುದಾಗಲಿ ಸರಿಯಲ್ಲ. ವಿಲೇವಾರಿಯ ಕಡತ ಹೊರಡಿಸುವಾಗಲೇ, ಹರಾಜಿನಲ್ಲಿ ಭಾಗವಹಿಸುವವರು ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣಕಾರರಾಗಿರಬೇಕು ಎಂಬ ಷರತ್ತನ್ನು ಬರೆಸಿಕೊಳ್ಳಿ; ಹರಾಜು ಮುಗಿದ ಮೇಲೆ ಈ ಮಾತು ಎತ್ತಿದರೆ ಪ್ರಯೋಜನವಿಲ್ಲ.

ಎರಡನೆಯ ಹೆಜ್ಜೆ: ನೆಲದ ಮೇಲೆ ರಾಶಿ ಮಾಡಿ

ಒಂದು ಹಳೆಯ ಬೆಡ್‌ಶೀಟ್ ಹಾಸಿ ಎಲ್ಲವನ್ನೂ ಹೊರಗೆ ಹರಡಿ. ಬ್ಯಾಟರಿ ಇರುವ ವಸ್ತುಗಳನ್ನು ಮೊಟ್ಟಮೊದಲು ಬೇರೆ ಮಾಡಬೇಕು, ಏಕೆಂದರೆ ಬೆಂಕಿಯ ಅಪಾಯ ಇರುವುದು ಅಲ್ಲಿಯೇ. ಆಮೇಲೆ ಮೋಡೆಮ್, ರೂಟರ್, ಸ್ವಿಚ್‌ಗಳದೊಂದು (ಒಂದು ಇಂಟರ್ನೆಟ್ ಕೇಬಲನ್ನು ಹಲವು ಯಂತ್ರಗಳಿಗೆ ಹಂಚುವ ಪೆಟ್ಟಿಗೆಗಳು) ರಾಶಿ, ಫೋನುಗಳು ಮತ್ತು ಇಂಟರ್‌ಕಾಂ ಪೆಟ್ಟಿಗೆಯದೊಂದು ರಾಶಿ, ಕೇಬಲ್‌ಗಳದೊಂದು, ಅಡಾಪ್ಟರ್‌ಗಳದೊಂದು. ಪ್ರತಿ ವಸ್ತುವಿನ ಹೆಸರು, ಮಾದರಿ, ಸರಣಿ ಸಂಖ್ಯೆ, ಸ್ಥಿತಿ ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಈ ಪಟ್ಟಿ ಕೊನೆಯ ಹೆಜ್ಜೆಯ ತನಕ ಬೇಕಾಗುತ್ತದೆ.

ಒಂದು ಎಚ್ಚರಿಕೆ ಇಲ್ಲಿಯೇ ಹೇಳಬೇಕು. ಮನೆಯ ಮಾಳಿಗೆಯ ಮೇಲೆ ಮೊಬೈಲ್ ಸಿಗ್ನಲ್ ಹೆಚ್ಚಿಸಲೆಂದು ಯಾರೋ ಕೂರಿಸಿಕೊಟ್ಟ ಬೂಸ್ಟರ್ ಪೆಟ್ಟಿಗೆ ರಾಶಿಯಲ್ಲಿ ಸಿಕ್ಕಿದರೆ ಅದನ್ನು ಮರುಬಳಕೆಗೆ ಎಣಿಸಬೇಡಿ. ಅನುಮತಿಯಿಲ್ಲದೆ ಖಾಸಗಿಯವರು ಅಂಥ ಉಪಕರಣ ಇಟ್ಟುಕೊಳ್ಳುವುದೂ ಮಾರುವುದೂ ಕಾನೂನುಬಾಹಿರ, ಮತ್ತು ಅದು ಸುತ್ತಲಿನವರ ಸಂಪರ್ಕವನ್ನು ಕೆಡಿಸುತ್ತದೆ. ಅದನ್ನು ನೇರವಾಗಿ ಇ-ತ್ಯಾಜ್ಯದ ರಾಶಿಗೆ ಹಾಕಬೇಕು.

ಮೂರನೆಯ ಹೆಜ್ಜೆ: ಒಳಗಿನ ಮಾಹಿತಿ ಅಳಿಸಿ

ಮೊಬೈಲಿನಲ್ಲಿ ಮಾಹಿತಿ ಇರುತ್ತದೆಂದು ಎಲ್ಲರಿಗೂ ಗೊತ್ತು. ಮೋಡೆಮ್ಮಿನಲ್ಲಿಯೂ ಇರುತ್ತದೆಂಬುದನ್ನು ಬಹಳ ಜನ ಮರೆಯುತ್ತಾರೆ. ಇಂಟರ್ನೆಟ್ ಖಾತೆಯ ಹೆಸರು, ಅದರ ಗುಪ್ತಪದ, ವೈ-ಫೈ ಹೆಸರು ಮತ್ತು ಗುಪ್ತಪದ ಎಲ್ಲವೂ ಅದರೊಳಗೆ ಉಳಿದಿರುತ್ತವೆ. ವಿದ್ಯುತ್ ಕೊಟ್ಟು, ಹಿಂಬದಿಯ ಸಣ್ಣ ರಂಧ್ರದ ರೀಸೆಟ್ ಗುಂಡಿಯನ್ನು ಪಿನ್ನಿನಿಂದ ಹತ್ತು ಹದಿನೈದು ಸೆಕೆಂಡು ಒತ್ತಿಹಿಡಿದರೆ ದೀಪಗಳೆಲ್ಲ ಆರಿ ಮತ್ತೆ ಹೊತ್ತಿಕೊಳ್ಳುತ್ತವೆ. ಅಷ್ಟಾದರೆ ಅದು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿದಂತೆ.

ಮೊಬೈಲಿನಲ್ಲಿ ಕ್ರಮ ಮುಖ್ಯ. ಮೊದಲು ಬೇಕಾದ ಚಿತ್ರ, ಸಂಪರ್ಕ ಸಂಖ್ಯೆಗಳನ್ನು ಬೇರೆಡೆಗೆ ನಕಲು ಮಾಡಿಕೊಳ್ಳಿ. ಯುಪಿಐ ಆ್ಯಪ್‌ಗಳಿಂದ ಹೊರಬನ್ನಿ. ಗೂಗಲ್ ಅಥವಾ ಆ್ಯಪಲ್ ಖಾತೆಯನ್ನು ಸೆಟ್ಟಿಂಗ್‌ನಲ್ಲಿ ತೆಗೆದುಹಾಕಿ. ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಕೊನೆಗೆ ಸಿಮ್ ಮತ್ತು ಮೆಮೊರಿ ಕಾರ್ಡ್ ಹೊರತೆಗೆಯಿರಿ. ಖಾತೆ ತೆಗೆಯದೆ ಬಟನ್‌ಗಳ ಮೂಲಕ ರೀಸೆಟ್ ಮಾಡಿದ ಫೋನು ಮುಂದಿನವರ ಕೈಯಲ್ಲಿ ಹಳೆಯ ಖಾತೆಯ ಗುಪ್ತಪದ ಕೇಳುತ್ತಾ ನಿಂತುಬಿಡುತ್ತದೆ, ಚೆನ್ನಾಗಿರುವ ಫೋನು ಈ ಒಂದೇ ಕಾರಣಕ್ಕೆ ಬಿಡಿಭಾಗದ ಲೆಕ್ಕಕ್ಕೆ ಇಳಿಯುತ್ತದೆ.

ಇಂಟರ್‌ಕಾಂ ವಿನಿಮಯ ಪೆಟ್ಟಿಗೆಯಲ್ಲಿ, ಅಂದರೆ ಇಪಿಎಬಿಎಕ್ಸ್‌ನಲ್ಲಿ, ಕರೆಗಳ ವಿವರ ಉಳಿಸುವ ಸೌಲಭ್ಯವಿದ್ದರೆ ಅದನ್ನೂ ಅಳಿಸಬೇಕು. ಕರೆ ದಾಖಲಿಸುವ ಯಂತ್ರದ ಹಾರ್ಡ್ ಡಿಸ್ಕನ್ನು ಹೊರತೆಗೆದು, ಸಂಪೂರ್ಣ ತಿದ್ದಿಬರೆಯುವ ತಂತ್ರಾಂಶದಿಂದ ಅಳಿಸಿ. ಡಿಸ್ಕ್ ಕೆಟ್ಟಿದ್ದರೆ ಅದರ ತಟ್ಟೆಗಳಿಗೆ ಡ್ರಿಲ್ಲಿನಿಂದ ತೂತು ಮಾಡಿಸಿ ಕೊಡಿ.

ನಾಲ್ಕನೆಯ ಹೆಜ್ಜೆ: ಅಡಾಪ್ಟರ್ ಪರೀಕ್ಷೆ

‘ಮೋಡೆಮ್ ಕೆಟ್ಟಿದೆ’ ಎಂದು ಬಂದದ್ದರಲ್ಲಿ ಎಷ್ಟೋ ಸಲ ಕೆಟ್ಟಿರುವುದು ಅಡಾಪ್ಟರ್. ಒಳಗಿನ ಕೆಪಾಸಿಟರ್ ಸೋತು ವೋಲ್ಟೇಜ್ ಇಳಿದಾಗ ಮೋಡೆಮ್ ತನ್ನಷ್ಟಕ್ಕೆ ಆರಿ ಹೊತ್ತಿಕೊಳ್ಳುತ್ತಿರುತ್ತದೆ. ಆದ್ದರಿಂದ ಕೈಯಲ್ಲೊಂದು ಸಾಧಾರಣ ಮಲ್ಟಿಮೀಟರ್ ಇರಲಿ. ಅಡಾಪ್ಟರಿನ ಚೀಟಿಯಲ್ಲಿ 12 ವೋಲ್ಟ್ 1 ಆಂಪಿಯರ್ ಎಂದೋ 9 ವೋಲ್ಟ್ 0.6 ಆಂಪಿಯರ್ ಎಂದೋ ಬರೆದಿರುತ್ತದೆ. ವೋಲ್ಟೇಜ್ ಮೋಡೆಮ್ ಕೇಳಿದಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚಿರಬಹುದು, ಕಡಿಮೆ ಇರಬಾರದು. ಪಿನ್ನಿನ ನಡುವೆ ಪ್ಲಸ್ ಇದೆಯೋ ಮೈನಸ್ ಇದೆಯೋ ಎಂಬುದನ್ನು ತೋರಿಸುವ ಸಣ್ಣ ಚಿತ್ರವೂ ಅಲ್ಲಿರುತ್ತದೆ, ಅದು ಎರಡರಲ್ಲೂ ಒಂದೇ ಆಗಿರಬೇಕು. ಹೊರಗೆ ಡಿಸಿ ಬದಲು ಎಸಿ ಕೊಡುವ ಹಳೆಯ ಅಡಾಪ್ಟರ್‌ಗಳೂ ಇವೆ. ಅವನ್ನು ಬೇರೆಯದಕ್ಕೆ ಚುಚ್ಚಬೇಡಿ.

ಚೆನ್ನಾಗಿರುವ ಅಡಾಪ್ಟರ್‌ಗಳಿಗೆ ವೋಲ್ಟೇಜ್ ಬರೆದ ಟೇಪ್ ಸುತ್ತಿ ಒಂದು ಡಬ್ಬದಲ್ಲಿಡಿ. ನನ್ನ ಕೆಲಸದಲ್ಲಿ ಅತಿ ಹೆಚ್ಚು ಸಾಮಾನನ್ನು ಗುಜರಿಯಿಂದ ಉಳಿಸಿದ್ದು ಆ ಒಂದು ಡಬ್ಬ.

ಐದನೆಯ ಹೆಜ್ಜೆ: ಹಳೆಯ ಮೋಡೆಮ್ಮಿಗೆ ಹೊಸ ಕೆಲಸ

ತಾಮ್ರದ ಲೈನಿನ ಮೋಡೆಮ್ಮಿಗೆ ಈಗ ಲೈನ್ ಇಲ್ಲ, ಆದರೆ ಅದರೊಳಗೆ ನಾಲ್ಕು ಕಿಂಡಿಯ ಒಂದು ಸ್ವಿಚ್ಚೂ ಒಂದು ವೈ-ಫೈ ಪ್ರಸಾರಕವೂ ಕೆಡದೆ ಉಳಿದಿರುತ್ತವೆ. ಫೈಬರ್ ಮೋಡೆಮ್ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿದ್ದು, ದಪ್ಪ ಗೋಡೆಗಳ ಆಚೆಯ ಗ್ರಂಥಾಲಯಕ್ಕೆ ವೈ-ಫೈ ತಲುಪದಿದ್ದರೆ, ಹೊಸ ಉಪಕರಣ ಕೊಳ್ಳುವ ಮೊದಲು ಇದನ್ನು ಪ್ರಯತ್ನಿಸಿ.

ಮೋಡೆಮ್ಮನ್ನು ರೀಸೆಟ್ ಮಾಡಿ, ಮುಖ್ಯ ಜಾಲಕ್ಕೆ ಜೋಡಿಸದೆ, ಲ್ಯಾಪ್‌ಟಾಪಿನಿಂದ ಒಂದು ಲ್ಯಾನ್ ಕೇಬಲ್ ಮಾತ್ರ ಹಾಕಿ. ಬ್ರೌಸರಿನಲ್ಲಿ ಅದರ ವಿಳಾಸ ತೆರೆಯಿರಿ. ಬಹುತೇಕ ಅದು 192.168.1.1 ಆಗಿರುತ್ತದೆ, ಬೇರೆಯಾದರೆ ಕೆಳಗಿನ ಚೀಟಿಯಲ್ಲಿ ಬರೆದಿರುತ್ತದೆ. ಮುಖ್ಯ ರೂಟರಿನ ವಿಳಾಸವೂ ಅದೇ ಆಗಿದ್ದರೆ ಎರಡೂ ಜಗಳವಾಡುತ್ತವೆ, ಆದ್ದರಿಂದ ಹಳೆಯದರ ವಿಳಾಸವನ್ನು 192.168.1.2 ಎಂದು ಬದಲಿಸಿ ಉಳಿಸಿ, ಹೊಸ ವಿಳಾಸದಿಂದಲೇ ಮತ್ತೆ ಒಳಹೋಗಿ. ಮುಖ್ಯ ರೂಟರ್ ಇತರ ಯಂತ್ರಗಳಿಗೆ ಹಂಚುವ ವಿಳಾಸಗಳ ಸಾಲಿನಲ್ಲಿ ಈ ಸಂಖ್ಯೆ ಸೇರಿರದಂತೆ ನೋಡಿಕೊಳ್ಳಿ. ನಂತರ ವೈ-ಫೈ ಹೆಸರು ಕೊಟ್ಟು, ಭದ್ರತೆಯನ್ನು ಡಬ್ಲ್ಯುಪಿಎ2ಕ್ಕೆ ಇಟ್ಟು, ಹೊಸ ಗುಪ್ತಪದ ಹಾಕಿ. ಆಡಳಿತದ ಗುಪ್ತಪದವನ್ನೂ ಬದಲಿಸಿ, ಏಕೆಂದರೆ ಕಾರ್ಖಾನೆ ಕೊಟ್ಟ ‘ಅಡ್ಮಿನ್’ ಎಂಬುದು ಶಾಲೆಯ ಹುಡುಗರಿಗೂ ಗೊತ್ತಿರುತ್ತದೆ. ಎಲ್ಲಕ್ಕೂ ಕೊನೆಯಲ್ಲಿ ಡಿಎಚ್‌ಸಿಪಿ ಸೌಲಭ್ಯವನ್ನು, ಅಂದರೆ ಇತರ ಯಂತ್ರಗಳಿಗೆ ತಾನೇ ವಿಳಾಸ ಹಂಚುವುದನ್ನು, ನಿಲ್ಲಿಸಿ. ಇದನ್ನು ಮೊದಲೇ ನಿಲ್ಲಿಸಿದರೆ ಲ್ಯಾಪ್‌ಟಾಪಿಗೆ ವಿಳಾಸ ಸಿಗದೆ ಉಳಿದ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಈಗ ಮುಖ್ಯ ರೂಟರಿನ ಲ್ಯಾನ್ ಕಿಂಡಿಯಿಂದ ಬಂದ ಕೇಬಲನ್ನು ಹಳೆಯ ಮೋಡೆಮ್ಮಿನ ಲ್ಯಾನ್ ಕಿಂಡಿಗೇ ಹಾಕಿ. ಟೆಲಿಫೋನ್ ತಂತಿಯ ಚಿಕ್ಕ ಕಿಂಡಿ ಖಾಲಿ ಇರಲಿ.

ಇದರ ಮಿತಿಯನ್ನೂ ತಿಳಿದಿರಬೇಕು. ಅದರ ಲ್ಯಾನ್ ಕಿಂಡಿಗಳು ಸೆಕೆಂಡಿಗೆ 100 ಮೆಗಾಬಿಟ್ ದಾಟುವುದಿಲ್ಲ, ವೈ-ಫೈ 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ನಡೆಯುತ್ತದೆ. ಪಾಠದ ವಿಡಿಯೊ, ಪ್ರಿಂಟರ್, ಹಾಜರಾತಿ ಯಂತ್ರಗಳಿಗೆ ಇಷ್ಟು ಸಾಕು. ಆದರೆ ಡಬ್ಲ್ಯುಇಪಿ ಎಂಬ ಹಳೆಯ ಭದ್ರತೆ ಮಾತ್ರ ಇರುವ ಮೋಡೆಮ್ಮಿನ ವೈ-ಫೈಯನ್ನು ಮುಚ್ಚಿಬಿಡಬೇಕು, ಅದನ್ನು ಬರೀ ಸ್ವಿಚ್ಚಾಗಿ ಬಳಸಬಹುದು. ತಯಾರಕರು ತಂತ್ರಾಂಶ ಪರಿಷ್ಕರಿಸುವುದನ್ನು ನಿಲ್ಲಿಸಿದ ರೂಟರನ್ನು ನೇರವಾಗಿ ಇಂಟರ್ನೆಟ್ಟಿನ ಎದುರು ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ಒಳಮನೆಯ ಕೆಲಸಕ್ಕೆ ಅದು ಇರಲಿ. 2004ರಿಂದ ನಡೆದುಬಂದಿರುವ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶವನ್ನು ಹಾಕಿ ಕೆಲವು ರೂಟರ್‌ಗಳಿಗೆ ಹೊಸ ಆಯುಷ್ಯ ಕೊಡಬಹುದು, ಆದರೆ 4 ಎಂ.ಬಿ. ಫ್ಲ್ಯಾಶ್, 32 ಎಂ.ಬಿ. ರ್ಯಾಮ್‌ನಷ್ಟು ಸಣ್ಣ ಸಾಮರ್ಥ್ಯದ ಪೆಟ್ಟಿಗೆಗಳಿಗೆ ಈಗಿನ ಆವೃತ್ತಿ ಹಿಡಿಸುವುದಿಲ್ಲ.

ಆರನೆಯ ಹೆಜ್ಜೆ: ಲ್ಯಾಂಡ್‌ಲೈನ್ ಫೋನುಗಳಿಂದ ಇಂಟರ್‌ಕಾಂ

ನಮ್ಮ ರಾಜ್ಯದ ಕಿತ್ತೂರಿನಲ್ಲಿ 1986ರಲ್ಲಿ ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆಯಾದ ಸಿ-ಡಾಟ್‌ನ 128 ಪೋರ್ಟಿನ ಗ್ರಾಮೀಣ ಸ್ವಯಂಚಾಲಿತ ದೂರವಾಣಿ ವಿನಿಮಯ ಕೇಂದ್ರ ಮೊದಲ ಬಾರಿಗೆ ಕೆಲಸ ಆರಂಭಿಸಿತು. ಧೂಳು, ಸೆಕೆ, ಹವಾನಿಯಂತ್ರಣವಿಲ್ಲದ ಕೋಣೆ ಇವನ್ನೆಲ್ಲ ತಾಳಿಕೊಳ್ಳುವಂತೆ ಅದನ್ನು ಕಟ್ಟಿದ್ದರು. ಅದರ ಮುಂದಿನ ವರ್ಷಗಳಲ್ಲಿ ಹಳ್ಳಿಹಳ್ಳಿಗೆ ಬಂದ ಫೋನುಗಳಲ್ಲಿ ಎಷ್ಟೋ ಇಂದಿಗೂ ಕೆಟ್ಟಿಲ್ಲ, ಅವಕ್ಕೆ ಲೈನು ಇಲ್ಲ ಅಷ್ಟೆ. ಮೂರು ನಾಲ್ಕು ಕಟ್ಟಡಗಳಿರುವ ಶಾಲೆ, ವಿದ್ಯಾರ್ಥಿನಿಲಯ, ಕಲ್ಯಾಣ ಮಂಟಪಗಳಲ್ಲಿ ಅಡುಗೆಮನೆಗೂ ಕಚೇರಿಗೂ, ಕಾವಲುಗಾರರ ಕೋಣೆಗೂ ವಾರ್ಡನ್ ಕೊಠಡಿಗೂ ಮಾತನಾಡಲು ಇವು ಅತ್ಯುತ್ತಮ. ರೀಚಾರ್ಜ್ ಬೇಡ, ನೆಟ್‌ವರ್ಕ್ ಬೇಡ.

ಕಚೇರಿಗಳು ಕೈಬಿಟ್ಟ, ಹದಿನಾರು ಎಕ್ಸ್‌ಟೆನ್ಶನ್‌ನಷ್ಟು ಸಣ್ಣ ಇಪಿಎಬಿಎಕ್ಸ್ ಒಂದು ಇದ್ದರೆ ಸಾಕು. ಪ್ರತಿ ಫೋನಿಗೆ ಒಂದು ಜೊತೆ ತಂತಿ ಎಳೆಯಬೇಕು. ಮೊದಲು ಒಂದು ಫೋನನ್ನು ಪೆಟ್ಟಿಗೆಯ ಪಕ್ಕದಲ್ಲೇ ಜೋಡಿಸಿ ಡಯಲ್ ಟೋನ್ ಕೇಳಿ, ಆಮೇಲೆ ತಂತಿಯ ದೂರದ ತುದಿಯಲ್ಲಿ ಕೇಳಿ. ಹತ್ತಿರ ಬಂದು ದೂರದಲ್ಲಿ ಬರದಿದ್ದರೆ ದೋಷ ತಂತಿಯದು. ತಿರುಗಿಸುವ ಡಯಲ್ಲಿನ ಫೋನು ಪಲ್ಸ್ ಕಳುಹಿಸುತ್ತದೆ, ಗುಂಡಿ ಒತ್ತುವುದು ಟೋನ್ ಕಳುಹಿಸುತ್ತದೆ. ಪಲ್ಸ್ ಗುರುತಿಸದ ಪೆಟ್ಟಿಗೆಯಲ್ಲಿ ಡಯಲ್ ಫೋನಿಗೆ ಕರೆ ಬರುತ್ತದೆ, ಅದರಿಂದ ಮಾಡಲಾಗುವುದಿಲ್ಲ. ರಿಂಗ್ ಆಗುವಾಗ ತಂತಿಯಲ್ಲಿ 75 ವೋಲ್ಟಿನ ಆಸುಪಾಸಿನ ಎಸಿ ಹರಿಯುತ್ತದೆ, ಬರಿಗೈಯಲ್ಲಿ ತುದಿ ಹಿಡಿದರೆ ಜೋರಾಗಿ ಹೊಡೆಯುತ್ತದೆ. ಮಳೆಗಾಲದಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಹೋಗುವ ತಂತಿಗೆ ಮಿಂಚಿನ ರಕ್ಷಣೆಯ ಸಣ್ಣ ಪೆಟ್ಟಿಗೆಯನ್ನೂ ಭೂಸಂಪರ್ಕವನ್ನೂ ಕೊಡುವುದನ್ನು ಉದಾಸೀನ ಮಾಡಬೇಡಿ.

ಸಿಡಿಎಂಎ ಎಂಬ ಹಳೆಯ ಮೊಬೈಲ್ ತಂತ್ರಜ್ಞಾನದ ಕಾಲದ, ತಂತಿಯಿಲ್ಲದ ಮೇಜಿನ ಫೋನುಗಳು ಸಿಕ್ಕಿದರೆ ಅವುಗಳಿಂದ ಈ ಕೆಲಸ ಆಗುವುದಿಲ್ಲ. ಆ ಸೇವೆಯೇ ದೇಶದಲ್ಲಿ ನಿಂತುಹೋಗಿರುವುದರಿಂದ ಅವು ಅಡಾಪ್ಟರ್ ತೆಗೆದುಕೊಂಡು ಇ-ತ್ಯಾಜ್ಯಕ್ಕೆ ಕಳುಹಿಸಬೇಕಾದವು.

ಏಳನೆಯ ಹೆಜ್ಜೆ: ಮೊಬೈಲುಗಳನ್ನು ಕೈದಾಟಿಸುವುದು

ಫೋನು ಕೊಡುವ ಮೊದಲು, ಕೊಳ್ಳುವ ಮೊದಲು *#06# ಒತ್ತಿ ಐಎಂಇಐ ಸಂಖ್ಯೆ, ಅಂದರೆ ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ, ಬರೆದುಕೊಳ್ಳಿ. ಇಂಗ್ಲಿಷ್ ಅಕ್ಷರಗಳಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು, ಆ ಸಂಖ್ಯೆಯನ್ನು 14422ಕ್ಕೆ ಸಂದೇಶ ಕಳುಹಿಸಿದರೆ ಫೋನಿನ ಸ್ಥಿತಿ ತಿಳಿಯುತ್ತದೆ. 2023ರ ಮೇ ತಿಂಗಳಲ್ಲಿ ಆರಂಭವಾದ ಸಂಚಾರ ಸಾಥಿ ಜಾಲತಾಣದಲ್ಲಿಯೂ ನೋಡಬಹುದು. ನಿರ್ಬಂಧಿತ, ನಕಲಿ ಅಥವಾ ಈಗಾಗಲೇ ಬಳಕೆಯಲ್ಲಿದೆ ಎಂಬ ಉತ್ತರ ಬಂದರೆ ಅಂಥ ಫೋನು ಮುಟ್ಟಬೇಡಿ. ರಿಪೇರಿ ಅಂಗಡಿಯವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ: ಯಾರಿಂದ, ಯಾವ ದಿನ, ಯಾವ ಸಂಖ್ಯೆಯ ಫೋನು ಪಡೆದಿರೆಂಬ ವಹಿ ಇರಲೇಬೇಕು.

ಯಾವ ಫೋನು ಯಾರಿಗೆ ಉಪಯೋಗವೆಂಬುದು ಜಾಲದ ಮೇಲೆ ನಿಂತಿದೆ. 2016ರಲ್ಲಿ ಬಂದ ಜಿಯೋ ಜಾಲದಲ್ಲಿ 2ಜಿ, 3ಜಿ ಎರಡೂ ಇಲ್ಲ, ಅದಕ್ಕೆ 4ಜಿ ವೋಲ್ಟಿ (4ಜಿ ಜಾಲದಲ್ಲೇ ಕರೆ ಮಾಡುವ ಸೌಲಭ್ಯ) ಇರುವ ಫೋನೇ ಬೇಕು. ಹಳೆಯ 2ಜಿ ಗುಂಡಿ ಫೋನು 2ಜಿ ಉಳಿಸಿಕೊಂಡಿರುವ ಕಂಪನಿಗಳ ಸಿಮ್‌ನಲ್ಲಿ ಮಾತ್ರ ನಡೆಯುತ್ತದೆ. ನಮ್ಮ ಕಡೆಯ ರೈತರು ಪಂಪ್‌ಸೆಟ್ಟಿಗೆ ಹಾಕಿಕೊಂಡಿರುವ ಮೊಬೈಲ್ ಸ್ಟಾರ್ಟರ್‌ಗಳಲ್ಲಿ ಬಹಳಷ್ಟು 2ಜಿ ಸಿಮ್ ಬೇಡುವಂಥವು. ಹೊಲದ ಜಾಗದಲ್ಲಿ ಯಾವ ಕಂಪನಿಯ 2ಜಿ ಹಿಡಿಯುತ್ತದೆಂದು ನೋಡಿಕೊಳ್ಳಲು ಒಂದು ಹಳೆಯ ಗುಂಡಿ ಫೋನಿಗಿಂತ ಒಳ್ಳೆಯ ಸಾಧನವಿಲ್ಲ. ಆದರೆ ಹಳೆಯ ಫೋನನ್ನೇ ಬಿಚ್ಚಿ ಸ್ಟಾರ್ಟರ್ ಮಾಡಲು ಹೋಗಬೇಡಿ. ಮೂರು ಫೇಸಿನ 415 ವೋಲ್ಟ್ ಇರುವ ಪೆಟ್ಟಿಗೆಯಲ್ಲಿ ಅರೆಬರೆ ಜೋಡಣೆಗೆ ಜಾಗವಿಲ್ಲ.

ತೆರೆ ಒಡೆದ, ಬ್ಯಾಟರಿ ಸೋತ ಫೋನನ್ನು ಹೊರಹಾಕುವ ಮೊದಲು ರಿಪೇರಿಯ ವೆಚ್ಚ ಕೇಳಿ. ತಯಾರಕರ ರಿಪೇರಿ ಮಾಹಿತಿ, ಬಿಡಿಭಾಗಗಳ ವಿವರಕ್ಕಾಗಿ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ‘ರಿಪೇರಿಯ ಹಕ್ಕು’ ಜಾಲತಾಣ ಆರಂಭಿಸಿದೆ. ಭದ್ರತಾ ಪರಿಷ್ಕರಣೆ ನಿಂತ ಆಂಡ್ರಾಯ್ಡ್ ಫೋನನ್ನು ಪಾಠ ಕೇಳಲು, ರೇಡಿಯೊ ಹಾಕಲು, ಹಾಟ್‌ಸ್ಪಾಟಿಗೆ ಕೊಡಬಹುದು. ಹಣದ ವ್ಯವಹಾರಕ್ಕೆ ಕೊಡಬಾರದು. ದಿನವಿಡೀ ಚಾರ್ಜಿಗೆ ಹಾಕಿಟ್ಟು ಬಳಸುವ ಕೆಲಸಕ್ಕೂ ಅದು ಸಲ್ಲದು, ಏಕೆಂದರೆ ಸದಾ ತುಂಬಿರುವ ಹಳೆಯ ಬ್ಯಾಟರಿ ಉಬ್ಬುತ್ತದೆ.

ಎಂಟನೆಯ ಹೆಜ್ಜೆ: ಬ್ಯಾಟರಿಗಳು

ಬ್ಯಾಟರಿ ಇ-ತ್ಯಾಜ್ಯದ ಚೀಲಕ್ಕೆ ಸೇರುವ ವಸ್ತುವಲ್ಲ. ಅದಕ್ಕೆ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಎಂಬ ಪ್ರತ್ಯೇಕ ನಿಯಮಾವಳಿ ಇದೆ, ಹಳೆಯದನ್ನು ಹಿಂಪಡೆಯುವ ಹೊಣೆ ಉತ್ಪಾದಕರ ಮೇಲಿದೆ.

ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಚುಚ್ಚಬಾರದು, ಮಡಚಬಾರದು, ಮತ್ತೆ ಚಾರ್ಜಿಗೆ ಹಾಕಬಾರದು. ಅದರ ತಾಮ್ರದ ತುದಿಗಳಿಗೆ ಟೇಪ್ ಅಂಟಿಸಿ, ಒಣ ಮರಳು ತುಂಬಿದ ಲೋಹದ ಡಬ್ಬದಲ್ಲಿ, ಕಾಗದ ಬಟ್ಟೆಗಳಿಂದ ದೂರ ಇಡಿ. ಫೋನಿನೊಳಗೆ ಅಂಟಿಸಿರುವ ಬ್ಯಾಟರಿಯನ್ನು ಚಾಕುವಿನಿಂದ ಎಬ್ಬಿಸುವ ಸಾಹಸ ಮನೆಯಲ್ಲಿ ಬೇಡ, ಅದನ್ನು ಫೋನಿನ ಸಮೇತ ಕೊಡಿ.

ಟವರ್ ಮತ್ತು ವಿನಿಮಯ ಕೇಂದ್ರಗಳು 48 ವೋಲ್ಟ್ ಡಿಸಿಯಲ್ಲಿ ನಡೆಯುತ್ತವೆ. 2 ವೋಲ್ಟಿನ 24 ಸೀಸ-ಆಮ್ಲ ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ ಅಷ್ಟಾಗುತ್ತದೆ. ಇಂಥ ಸಾಲಿನಲ್ಲಿ ಒಂದೆರಡು ಸೆಲ್ ಸೋತರೂ ಇಡೀ ಸಾಲು ಬೇಗ ಇಳಿಯುತ್ತದೆ. ಆದ್ದರಿಂದ ಊರಿನ ಕೇಬಲ್ ಇಂಟರ್ನೆಟ್ ನಡೆಸುವವರು ಸಾಲನ್ನೆಲ್ಲ ಎಸೆಯುವ ಮೊದಲು, ಭಾರ ಹಾಕಿದ, ಅಂದರೆ ವಿದ್ಯುತ್ ಎಳೆಯುವ ಉಪಕರಣ ಜೋಡಿಸಿದ, ಸ್ಥಿತಿಯಲ್ಲಿ ಪ್ರತಿ ಸೆಲ್‌ನ ವೋಲ್ಟೇಜ್ ಅಳೆದು ಬರೆಯಬೇಕು. ಕಚೇರಿಯ ಸಣ್ಣ ಯುಪಿಎಸ್‌ನ 12 ವೋಲ್ಟ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ಬಿಟ್ಟ ಮೇಲೆ 12.8 ವೋಲ್ಟ್ ಸುಮಾರಿನಲ್ಲಿ ನಿಲ್ಲಬೇಕು. ಸಣ್ಣ ಭಾರ ಹಾಕಿದ ಕೂಡಲೇ 10.5ಕ್ಕಿಂತ ಕೆಳಗೆ ಬಿದ್ದರೆ ಅದರ ಕಾಲ ಮುಗಿದಿದೆ. ಚೆನ್ನಾಗಿ ಉಳಿದ ಹಳೆಯ ಸೆಲ್‌ಗಳನ್ನು ಒಂದೇ ವಯಸ್ಸಿನವುಗಳ ಜೊತೆ ಸೇರಿಸಿ ಬಳಸಿ. ಹೊಸದರ ಜೊತೆ ಬೆರೆಸಿದರೆ ಹೊಸದೂ ಬೇಗ ಸೋಲುತ್ತದೆ.

ಸೋತ ಸೀಸದ ಬ್ಯಾಟರಿಗೆ ಹೊಸದು ಕೊಳ್ಳುವಾಗ ಮಾರಾಟಗಾರರು ಬೆಲೆ ಕಡಿತ ಕೊಡುತ್ತಾರೆ, ಅಲ್ಲಿಗೇ ಹಿಂದಿರುಗಿಸಿ. ತೂಕ ಕಡಿಮೆಯಾಗಲೆಂದು ಆಮ್ಲವನ್ನು ಚರಂಡಿಗೋ ಗದ್ದೆಯ ಬದುವಿಗೋ ಚೆಲ್ಲುವುದನ್ನು ನಾನು ನೋಡಿದ್ದೇನೆ. ಅದರಲ್ಲಿ ಕರಗಿರುವ ಸೀಸ ಮಣ್ಣಿನಲ್ಲಿ ನಿಲ್ಲುತ್ತದೆ, ಅದು ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ.

ಒಂಬತ್ತನೆಯ ಹೆಜ್ಜೆ: ಕೇಬಲ್

ಮಂಡ್ಯದ ಗುಜರಿ ಅಂಗಡಿಯೊಂದರಲ್ಲಿ ಒಬ್ಬರು ನನಗೆ ಹೇಳಿದ ಮಾತು: “ಸಾ, ವೈರು ಸುಲಿದು ತಂದ್ರೆ ರೇಟೇ ಬೇರೆ ಸಾ.” ಆ ಮಾತಿನಲ್ಲಿ ಸತ್ಯವಿದೆ, ಮತ್ತು ಸುಲಿಯುವ ಬದಲು ಸುಟ್ಟರೆ ಉಳಿಯುವುದು ಶ್ರಮ ಮಾತ್ರ. ಪಿವಿಸಿ ಹೊದಿಕೆ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಮತ್ತು ಡಯಾಕ್ಸಿನ್‌ಗಳು ಹೊರಬರುತ್ತವೆ; ಡಯಾಕ್ಸಿನ್ ಮೇವಿನ ಮೇಲೆ ಕುಳಿತು ಹಸುವಿನ ಹಾಲಿನ ಕೊಬ್ಬಿನಲ್ಲಿ ಸೇರುವಂಥ ವಿಷ. ಮನೆಮನೆಯಲ್ಲಿ ಹಾಲು ಕರೆಯುವ ನಮ್ಮ ಜಿಲ್ಲೆಯಲ್ಲಿ ಈ ಹೊಗೆಯನ್ನು ಹಗುರವಾಗಿ ಕಾಣುವಂತಿಲ್ಲ. ಸುಟ್ಟ ತಾಮ್ರ ಕಪ್ಪಾಗಿ ಅದರ ದರವೂ ಇಳಿಯುತ್ತದೆ.

ಹತ್ತು ಅಡಿಗಿಂತ ಉದ್ದದ ಲ್ಯಾನ್ ಕೇಬಲ್ಲುಗಳನ್ನು ಸುಲಿಯಬೇಡಿ, ಉಳಿಸಿ. ಕೇಬಲ್ ಟೆಸ್ಟರಿನಿಂದ ಎಂಟೂ ತಂತಿ ನೋಡಿ, ತುದಿಯ ಕನೆಕ್ಟರ್ ಮಾತ್ರ ಕೆಟ್ಟಿದ್ದರೆ ಕತ್ತರಿಸಿ ಹೊಸದು ಒತ್ತಿ. ಬಹು ಜೊತೆಗಳ ನೆಲದಡಿಯ ತಾಮ್ರದ ಕೇಬಲ್ಲಿನೊಳಗೆ ನೀರು ನುಗ್ಗದಂತೆ ಜೆಲ್ಲಿ ತುಂಬಿರುತ್ತದೆ. ಅದನ್ನು ಬಿಚ್ಚುವ ಕೆಲಸ ಸಂಸ್ಕರಣಕಾರರಿಗೇ ಬಿಡಿ. ಇನ್ನೊಂದು ಮಾತು, ರಸ್ತೆಬದಿಯಲ್ಲಿ ಹೊರಗೆ ಬಿದ್ದಿರುವ ತಾಮ್ರದ ಕೇಬಲ್ ಬಳಕೆಯಲ್ಲಿಲ್ಲದಂತೆ ಕಂಡರೂ ಅದು ಕಂಪನಿಯ ಸ್ವತ್ತು, ಕತ್ತರಿಸಿದರೆ ಕಳ್ಳತನ.

ಫೈಬರ್‌ನಲ್ಲಿ ಮಾರುವಂಥ ಲೋಹ ಇಲ್ಲವೆಂದೇ ಹೇಳಬಹುದು. ಉದ್ದದ ತುಂಡುಗಳನ್ನು ಮುಂದಿನ ಜೋಡಣೆಗೆ ಇಟ್ಟುಕೊಳ್ಳಿ. ಗಾಜಿನ ಎಳೆಯ ದಪ್ಪ 0.125 ಮಿಲಿಮೀಟರ್, ಅದರ ಚೂರು ಚರ್ಮದೊಳಗೆ ಹೊಕ್ಕರೆ ಕಾಣುವುದಿಲ್ಲ. ಕತ್ತರಿಸಿದ ಚೂರುಗಳನ್ನು ಮುಚ್ಚಳದ ಬಾಟಲಿಗೆ ಹಾಕಿ. ಸಂಪರ್ಕದಲ್ಲಿರುವ ಫೈಬರಿನ ತುದಿಯನ್ನು ಕಣ್ಣಿನ ಬಳಿ ಹಿಡಿದು ನೋಡಬೇಡಿ, ಅದರಲ್ಲಿ ಹರಿಯುವ ಬೆಳಕು ಕಣ್ಣಿಗೆ ಕಾಣದಿದ್ದರೂ ಕಣ್ಣನ್ನು ಸುಡಬಲ್ಲದು.

ಹತ್ತನೆಯ ಹೆಜ್ಜೆ: ಉಳಿದದ್ದನ್ನು ಸರಿಯಾದ ಕೈಗೆ ಒಪ್ಪಿಸುವುದು

ಇಷ್ಟೆಲ್ಲ ಆದ ಮೇಲೆ ಉಳಿಯುವುದು ಸುಟ್ಟ ಬೋರ್ಡು, ಒಡೆದ ಫೋನು, ಯಾರ ಉಪಯೋಗಕ್ಕೂ ಬಾರದ ಪೆಟ್ಟಿಗೆಗಳು. ಸರ್ಕ್ಯೂಟ್ ಬೋರ್ಡಿನಲ್ಲಿ ತಾಮ್ರ, ತವರ, ಬೆಳ್ಳಿ, ಪಲ್ಲೇಡಿಯಂ, ಅತ್ಯಲ್ಪ ಚಿನ್ನ ಇವೆ. ಹಳೆಯ ಬೆಸುಗೆಯಲ್ಲಿ ಸೀಸವೂ, ಪ್ಲಾಸ್ಟಿಕ್ಕಿನಲ್ಲಿ ಬ್ರೋಮಿನ್ ಇರುವ ಬೆಂಕಿನಿರೋಧಕಗಳೂ ಇವೆ. ಆ ಚಿನ್ನಕ್ಕಾಗಿ ಆಮ್ಲದಲ್ಲಿ ಅದ್ದುವ ವಿಡಿಯೊಗಳನ್ನು ನೋಡಿ ಹಿತ್ತಲಲ್ಲಿ ಪ್ರಯತ್ನಿಸುವ ಯುವಕರಿದ್ದಾರೆ. ಅವರಿಗೆ ಸಿಗುವ ಚಿನ್ನಕ್ಕಿಂತ ಶ್ವಾಸಕೋಶಕ್ಕಾಗುವ ಹಾನಿ ಬಹಳ ದೊಡ್ಡದು, ದಯವಿಟ್ಟು ತಡೆಯಿರಿ. ಬೋರ್ಡನ್ನು ಬಿಡಿಸದೆ ಇಡಿಯಾಗಿ ಕೊಡುವುದೇ ಸರಿ. 2024ರಲ್ಲಿ ಪ್ರಕಟವಾದ ಜಾಗತಿಕ ಇ-ತ್ಯಾಜ್ಯ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು, ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಸಂಸ್ಕರಣೆಗೆ ಹೋದದ್ದು ಶೇ. 22.3 ಮಾತ್ರ. ಉಳಿದದ್ದರ ಒಂದು ಪಾಲು ನಾನು ನಾಲೆಯ ಏರಿಯಲ್ಲಿ ಕಂಡ ಬೂದಿಯಂಥದ್ದೇ.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಮೊಬೈಲ್, ರೂಟರ್, ಮೋಡೆಮ್, ಟವರಿನ ಕಬ್ಬಿಣದ ರಚನೆ ಬಿಟ್ಟು ಅದರ ಪ್ರಸಾರ ಉಪಕರಣಗಳು ಎಲ್ಲವೂ ಸೇರಿವೆ. ಈ ನಿಯಮಗಳಡಿ ನೋಂದಣಿ ಇರುವುದು ತಯಾರಕ, ಉತ್ಪಾದಕ, ನವೀಕರಣಕಾರ, ಸಂಸ್ಕರಣಕಾರ ಎಂಬ ನಾಲ್ಕು ವರ್ಗಗಳಿಗೆ. ಆದ್ದರಿಂದ ‘ನಾವು ಇ-ತ್ಯಾಜ್ಯ ಕೊಳ್ಳುತ್ತೇವೆ’ ಎಂಬ ಫಲಕ ನೋಡಿ ಒಪ್ಪಬೇಡಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಇ-ತ್ಯಾಜ್ಯ ಜಾಲತಾಣದಲ್ಲಿ ಅವರ ಹೆಸರಿದೆಯೇ, ಯಾವ ವರ್ಗದಲ್ಲಿದೆ, ರಾಜ್ಯ ಮಂಡಳಿಯ ಸಮ್ಮತಿಪತ್ರದ ಅವಧಿ ಮುಗಿದಿಲ್ಲವೇ ಎಂದು ನೋಡಿ. ಅನುಮಾನವಿದ್ದರೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಕೇಳಿ. ಒಂದು ಹಣಕಾಸು ವರ್ಷದಲ್ಲಿ ಯಾವುದೇ ಸಮಯದಲ್ಲಿ ಪಟ್ಟಿಯಲ್ಲಿರುವ 1000 ಅಥವಾ ಹೆಚ್ಚು ಉಪಕರಣ ಬಳಸಿದ ಸಂಸ್ಥೆ ‘ಬೃಹತ್ ಬಳಕೆದಾರ’ ಎನಿಸುತ್ತದೆ. ಮೈಸೂರಿನ ದೊಡ್ಡ ಕಾಲೇಜುಗಳು, ಕಾರ್ಖಾನೆಗಳು ಈ ಲೆಕ್ಕವನ್ನು ಗಮನಿಸಬೇಕು, ಏಕೆಂದರೆ ಅವರು ನೋಂದಾಯಿತರಿಗೇ ಒಪ್ಪಿಸತಕ್ಕದ್ದು.

ಸಣ್ಣವರ ಕಷ್ಟ ಬೇರೆ. ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಘಟಕವಾದ ಇ-ಪರಿಸರ 2005ರಲ್ಲಿ ಆರಂಭವಾದದ್ದು ನಮ್ಮದೇ ರಾಜ್ಯದ ದಾಬಸ್‌ಪೇಟೆಯಲ್ಲಿ; ಆದರೆ ಹದಿನೈದು ಕಿಲೋ ಸಾಮಾನಿಗಾಗಿ ಅಂಥ ದೂರದ ಘಟಕಗಳಿಂದ ಯಾರೂ ಪಾಂಡವಪುರಕ್ಕೋ ಮಳವಳ್ಳಿಗೋ ವಾಹನ ಕಳುಹಿಸುವುದಿಲ್ಲ. ಇದಕ್ಕೆ ನಾವು ಕಂಡುಕೊಂಡ ದಾರಿಯೆಂದರೆ ಒಟ್ಟುಗೂಡುವುದು. ತಾಲ್ಲೂಕಿನ ಹತ್ತು ಹನ್ನೆರಡು ಶಾಲೆ, ಸೊಸೈಟಿ, ರಿಪೇರಿ ಅಂಗಡಿಗಳು ಒಂದು ದಿನ ಗೊತ್ತುಮಾಡಿ, ಒಂದು ಒಣ ಕೋಣೆಯಲ್ಲಿ ಎಲ್ಲರ ಸಾಮಾನು ಸೇರಿಸಿ, ಒಟ್ಟು ತೂಕ ಮತ್ತು ಚಿತ್ರಗಳನ್ನು ಸಂಸ್ಕರಣಕಾರರಿಗೆ ಕಳುಹಿಸಿದರೆ ಅವರು ಬರುತ್ತಾರೆ, ದರವನ್ನೂ ಮಾತನಾಡುತ್ತಾರೆ. ಮನೆಯವರು ತಮ್ಮ ಒಂದೆರಡು ಫೋನುಗಳನ್ನು ತಯಾರಕರ ಸೇವಾ ಕೇಂದ್ರಕ್ಕೇ ಒಪ್ಪಿಸಬಹುದು. ಹಿಂಪಡೆಯುವ ವ್ಯವಸ್ಥೆ ಇದೆಯೇ ಎಂದು ಹೊಸ ಫೋನು ಕೊಳ್ಳುವ ದಿನವೇ ಕೇಳಿಟ್ಟುಕೊಳ್ಳಿ.

ಗುಜರಿಯವರನ್ನು ಈ ಕೆಲಸದಿಂದ ಹೊರಗಿಡಬೇಕೆಂದು ನಾನು ಹೇಳುತ್ತಿಲ್ಲ. ಕಬ್ಬಿಣದ ರ್ಯಾಕ್, ಅಲ್ಯೂಮಿನಿಯಂ ಏಣಿ, ಡಿಟಿಎಚ್ ತಟ್ಟೆ, ಖಾಲಿ ಪ್ಲಾಸ್ಟಿಕ್ ಹೊದಿಕೆ, ಕೈಯಿಂದ ಸುಲಿದ ತಾಮ್ರ ಇವನ್ನು ಅವರಷ್ಟು ಅಚ್ಚುಕಟ್ಟಾಗಿ ಮುಂದೆ ದಾಟಿಸುವವರು ಬೇರೆ ಇಲ್ಲ. ಬೋರ್ಡು ಮತ್ತು ಬ್ಯಾಟರಿ ಮಾತ್ರ ಅವರ ಚೀಲಕ್ಕೆ ಬೀಳದಂತೆ ನೋಡಿಕೊಳ್ಳುವುದು ಕೊಡುವವರ ಹೊಣೆ.

ವಾಹನ ಬಂದ ದಿನ ಎರಡನೆಯ ಹೆಜ್ಜೆಯಲ್ಲಿ ಬರೆದ ಪಟ್ಟಿಯನ್ನು ಕೈಯಲ್ಲಿ ಹಿಡಿದು ನಿಲ್ಲಿ. ಉಳಿಸಿಕೊಂಡದ್ದು, ಬೇರೆಯವರಿಗೆ ಕೊಟ್ಟದ್ದು, ಈಗ ಹೊರಡುತ್ತಿರುವುದು ಎಂದು ಪ್ರತಿ ಸಾಲಿನ ಮುಂದೆ ಗುರುತು ಹಾಕಿ. ನಿಮ್ಮೆದುರೇ ತೂಗಿಸಿ, ತೂಕ, ದಿನಾಂಕ, ವಾಹನದ ಸಂಖ್ಯೆ, ಸಂಸ್ಕರಣಕಾರರ ನೋಂದಣಿ ಸಂಖ್ಯೆ ಇರುವ ರಶೀದಿ ಪಡೆಯಿರಿ. ಸಂಸ್ಕರಣೆ ಮುಗಿದ ಪ್ರಮಾಣಪತ್ರ ಕಳುಹಿಸುವಂತೆ ಆಗಲೇ ಬರಹದಲ್ಲಿ ಕೇಳಿ, ಬರದಿದ್ದರೆ ತಿಂಗಳಾದ ಮೇಲೆ ನೆನಪಿಸಿ. ಪಟ್ಟಿ, ರಶೀದಿ, ಪ್ರಮಾಣಪತ್ರ ಮೂರನ್ನೂ ಒಂದೇ ಕಡತಕ್ಕೆ ಪೋಣಿಸಿ, ಅಡಾಪ್ಟರ್ ಡಬ್ಬದ ಪಕ್ಕದಲ್ಲಿ ಇಡಿ; ಮುಂದಿನ ಆಯುಧಪೂಜೆಗೆ ಕಪಾಟು ತೆರೆಯುವವರಿಗೆ ಅವೆರಡೂ ಮೊದಲು ಕಣ್ಣಿಗೆ ಬೀಳಬೇಕು.